ಅನುದಾನದೊಳಗಿನ ದಾನ

ಗಂಡಸರಿಗೆ ಮನೆಯಿಂದ ಹೊರಗೆ ಹೋಗಲು ಕಾರಣ ಬೇಕಿಲ್ಲ. ಚಪ್ಪಲಿ ಮೆಟ್ಟಿಕೊಂಡು ‘ಬಂದೆ’ ಎಂದರೆ ಮುಗಿಯಿತು. ನಮ್ಮ ವಿಷಯ ಹಾಗಲ್ಲ. ಕೈಯಲ್ಲಿ ಚೀಲವಿದ್ದರೆ ಮಾರ್ಕೆಟ್ಟಿಗೆ, ಹಣ್ಣು-ಕಾಯಿ ಬುಟ್ಟಿಯಿದ್ದರೆ ಗುಡಿಗೆ, ಮಗುವಿದ್ದರೆ ಶಾಲೆಗೋ ಡಾಕ್ಟರ ಹತ್ತಿರಕ್ಕೋ. ಬರಿಗೈಯಲ್ಲಿ ಹೊರಟ ಹೆಂಗಸನ್ನು ಓಣಿಯ ನಾಲ್ಕು ಮನೆಯವರಾದರೂ ‘ಎಲ್ಲಿಗೆ ಹೊಂಟ್ರಿ?’ ಎಂದು ಕೇಳಿಯೇ ಕೇಳುತ್ತಾರೆ. ‘ಎಲ್ಲಿಗೂ ಇಲ್ಲ, ಸುಮ್ಮನೆ’ ಎಂದು ಹೇಳಿ ನೋಡಿ. ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಪಾಪ, ಮನೆಯಲ್ಲಿ ಏನೋ ನಡೆದಿದೆ ಎಂದುಕೊಳ್ಳುತ್ತಾರೆ.

ನನ್ನ ತವರು ಹರಿಹರ. ಅಲ್ಲಿ ಹೆಂಗಸರಿಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಊರಿಗೆ ಹೊಳೆಯಿದೆಯಲ್ಲ! ಅಮ್ಮ ಬಟ್ಟೆಗಂಟು ಹೊತ್ತು ತುಂಗಭದ್ರೆಗೆ ಹೋದರೆ ಒಗೆಯುವುದು ಒಂದು ಗಂಟೆ, ಒಗೆದದ್ದು ಒಣಗಲಿ ಎಂಬ ನೆಪದಲ್ಲಿ ಕಲ್ಲಿನ ಮೇಲೆ ಕೂತು ಮಾತಾಡುವುದು ಇನ್ನೊಂದು ಗಂಟೆ. ಹೊಳೆ ಬೇಡವೆನಿಸಿದ ದಿನ ಹರಿಹರೇಶ್ವರನ ಗುಡಿ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1223-24ರಲ್ಲಿ, ಪೋಲಾಳ್ವ ದಂಡನಾಯಕ ಕಟ್ಟಿಸಿದ ಆ ಗುಡಿಯ ಮಂಟಪದಲ್ಲಿ ನಡುಬೇಸಿಗೆಯಲ್ಲೂ ಕಲ್ಲು ತಣ್ಣಗಿರುತ್ತದೆ. ದೇವರಿಗೆ ಕೈಮುಗಿಯಲು ಎರಡು ನಿಮಿಷ ಸಾಕು. ಕಂಬಕ್ಕೆ ಬೆನ್ನು ಕೊಟ್ಟು ಕೂರಲು ಎಷ್ಟು ಹೊತ್ತಾದರೂ ಯಾರೂ ಕೇಳುವುದಿಲ್ಲ.

ಅಲ್ಲಿಂದ ಹದಿನಾಲ್ಕು ಕಿಲೋಮೀಟರು ದೂರದ ದಾವಣಗೆರೆಗೆ ಸೊಸೆಯಾಗಿ ಬಂದೆ. ದಾವಣಗೆರೆ ದುಡಿಯುವ ಊರು. ಹತ್ತಿ ಗಿರಣಿಗಳು ಜೋರಾಗಿದ್ದ ಕಾಲದಲ್ಲಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರಂತೆ. ಮಂಡಿಪೇಟೆ, ಮಂಡಕ್ಕಿ ಭಟ್ಟಿ, ಬೆಣ್ಣೆ ದೋಸೆಯ ಹೆಂಚು, ಯಾವುದೂ ಇಲ್ಲಿ ಸುಮ್ಮನೆ ಕೂರುವುದಿಲ್ಲ. ಕುಡಿಯುವ ನೀರು ಮಾತ್ರ ತುಂಗಭದ್ರೆಯಿಂದಲೂ ಭದ್ರಾ ನಾಲೆಯಿಂದಲೂ ಬಂದು, ಕುಂದವಾಡ ಕೆರೆಯಲ್ಲೂ ಟಿ.ವಿ. ಸ್ಟೇಷನ್ ಕೆರೆಯಲ್ಲೂ ನಿಂತು, ಆಮೇಲೆ ನಮ್ಮ ನಲ್ಲಿಗೆ ಇಳಿಯುತ್ತದೆ. ತವರಿನ ನೀರು ನನ್ನ ಹಿಂದೆಯೇ ಬಂತು, ಹೊಳೆದಂಡೆ ಬರಲಿಲ್ಲ.

1993ರಲ್ಲಿ ನಾವು ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡೆವು. ಮನೆಯೆದುರಿನ ರಸ್ತೆ ದಾಟಿದರೆ ಸುಮಾರು ಇಪ್ಪತ್ತು ಗುಂಟೆ ಬಯಲು. ಬಯಲು ಎಂದರೆ ಹೆಸರಿಗೆ. ಎದೆಯೆತ್ತರ ಕಾಂಗ್ರೆಸ್ ಗಿಡ, ಮೂಲೆಯಲ್ಲಿ ಬಳ್ಳಾರಿ ಜಾಲಿ, ಮನೆ ಕಟ್ಟಿದವರೆಲ್ಲ ಸುರಿದ ಇಟ್ಟಿಗೆ ಚೂರು, ನಡುವೆ ಸಂಸಾರ ಸಮೇತ ಹಂದಿಗಳು. ಮಳೆ ಬಂದರೆ ಕಪ್ಪೆಗಳ ಕಚೇರಿ. ಪಕ್ಕದ ಮನೆಯ ಅಜ್ಜಿ ಪ್ರತಿ ಸಂಜೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಆ ಹಂದಿಗಳನ್ನೇ ನೋಡುತ್ತ ಕೂರುತ್ತಿದ್ದರು.

‘ಗುಡಿಗೆ ಹೋಗಾಕ ಮೊಣಕಾಲು ನೋವು. ಮನ್ಯಾಗ ಕುಂದರಾಕ ಸೊಸಿಗೆ ನೋವು. ಇಲ್ಲೇ ಚಲೋ ಬಿಡವ್ವ’ ಎನ್ನುತ್ತಿದ್ದರು. ಸೊಸೆ ಕೆಟ್ಟವಳೇನಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಒಳಗೆ ಆರು ಜನ. ಯಾರಾದರೂ ಒಬ್ಬರು ಹೊರಗೆ ಕೂರಲೇಬೇಕಲ್ಲ!

ಆ ಬಯಲು ಏನು, ಯಾರದು ಎಂಬ ಪ್ರಶ್ನೆ ಮೂರು ವರ್ಷ ಯಾರಿಗೂ ಬರಲಿಲ್ಲ. 1996ರಲ್ಲಿ ಮೂಲೆಮನೆಯ ಟೀಚರಕ್ಕ ಬ್ಯಾಂಕಿನ ಸಾಲ ತೀರಿಸಿ ಕಾಗದಪತ್ರ ಬಿಡಿಸಿಕೊಂಡು ಬಂದರು. ಅವುಗಳ ನಡುವೆ ಬಡಾವಣೆಯ ನಕ್ಷೆಯ ಒಂದು ಪ್ರತಿ ಮಡಚಿಟ್ಟಿತ್ತು. ಊಟದ ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ನೋಡಿದೆವು. ನಮ್ಮ ಮನೆ ಸಿಕ್ಕಿತು, ಅಜ್ಜಿಯ ಮನೆ ಸಿಕ್ಕಿತು. ಎದುರಿಗೆ ಹಂದಿಗಳಿದ್ದ ಜಾಗದಲ್ಲಿ ಒಂದು ಹಸಿರು ಚೌಕ. ಅದರೊಳಗೆ ‘ಉದ್ಯಾನ’ ಎಂದು ಬರೆದಿತ್ತು.

ನಮಗೆ ಉದ್ಯಾನವಿತ್ತು. ನೋಡಿರಲಿಲ್ಲ, ಅಷ್ಟೆ.

‘ಅನುದಾನ ಕೇಳೋಣ’ ಎಂದರು ಟೀಚರಕ್ಕ. ಅನುದಾನ ಎಂಬ ಪದದಲ್ಲಿ ದಾನ ಸೇರಿಕೊಂಡಿದೆ, ನೀವೂ ಗಮನಿಸಿರಬಹುದು. ಆ ಪದ ಬಾಯಿಗೆ ಬಂದ ಕೂಡಲೇ ನಮ್ಮ ಬೆನ್ನು ತಂತಾನೇ ಬಾಗಿತು. ಮೊದಲ ಅರ್ಜಿಯನ್ನು ಈಗ ಓದಿದರೆ ನಗು ಬರುತ್ತದೆ: ‘ತಾವು ದಯಾಳುಗಳಾಗಿ’, ‘ಅಬಲೆಯರಾದ ನಮ್ಮ ಮೇಲೆ ಕೃಪೆಯಿಟ್ಟು’, ‘ತಮ್ಮ ಉಪಕಾರವನ್ನು ಜನ್ಮಜನ್ಮಾಂತರಕ್ಕೂ’. ಶಾಲೆಯಲ್ಲಿ ಪತ್ರಲೇಖನ ಕಲಿತದ್ದು ಹಾಗೆ. ಅದನ್ನು ನಮ್ಮವರಿಗೆ ಓದಿ ಹೇಳಿದೆ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಉಪಮೆಗಿಂತ ಲೆಕ್ಕ ಹೆಚ್ಚು ಅರ್ಥವಾಗುತ್ತದೆ.

‘ಇಷ್ಟೊಂದು ಯಾಕೆ ಗೋಳಾಡ್ತೀರಿ? ಆ ಜಾಗಕ್ಕೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಲ್ಲ’ ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಪೆನ್ಸಿಲು ಹಿಡಿದು ತೋರಿಸಿದರು. ಪ್ರಾಧಿಕಾರವೊಂದು ಬಡಾವಣೆ ಮಾಡುವಾಗ ನೂರು ಎಕರೆ ಕೊಂಡಿತು ಎನ್ನಿ. ನೂರನ್ನೂ ಸೈಟು ಮಾಡಿ ಮಾರುವಂತಿಲ್ಲ. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ನೂರಕ್ಕೆ 15 ಭಾಗವನ್ನಾದರೂ ಪಾರ್ಕು, ಆಟದ ಬಯಲಿಗೆ ಬಿಡಬೇಕು. ಅದರ ಮೇಲೆ ನೂರಕ್ಕೆ 10 ಭಾಗ ನಾಗರಿಕ ಸೌಲಭ್ಯಗಳಿಗೆ. ರಸ್ತೆಗೆ ಇನ್ನೊಂದಿಷ್ಟು. ಉಳಿದದ್ದು ಸೈಟು. ಆದರೆ ಕೊಂಡದ್ದು ನೂರು ಎಕರೆಯನ್ನೂ ತಾನೆ? ಆ ಪೂರ್ತಿ ಖರ್ಚು ಸೈಟು ಕೊಂಡವರ ತಲೆಯ ಮೇಲೆಯೇ ಬೀಳುತ್ತದೆ. ಎಂದರೆ ಮೂವತ್ತು ನಲವತ್ತರ ಸೈಟಿಗೆ ನಾವು ತೆತ್ತ ಬೆಲೆಯಲ್ಲಿ ಎದುರಿನ ಪಾರ್ಕಿನ ಒಂದು ಚೂರೂ ಸೇರಿದೆ.

ಈ ಲೆಕ್ಕ ಹೊಸದೇನಲ್ಲ ಎಂದು ಬಹಳ ದಿನಗಳ ಮೇಲೆ ಓದಿ ತಿಳಿದುಕೊಂಡೆ. ಇಂಗ್ಲೆಂಡಿನ ಬರ್ಕನ್‌ಹೆಡ್ ಎಂಬ ಊರಿನಲ್ಲಿ 1847ರಲ್ಲಿ ಸಾರ್ವಜನಿಕರ ಹಣದಿಂದಲೇ ಒಂದು ದೊಡ್ಡ ಪಾರ್ಕು ಆಯಿತು. ಜವುಗು ನೆಲ ಕೊಂಡು, ನಡುವೆ ಪಾರ್ಕು ಬಿಟ್ಟು, ಸುತ್ತಲಿನ ಅಂಚನ್ನು ಮನೆ ಕಟ್ಟುವವರಿಗೆ ಮಾರಿ ಖರ್ಚು ಹುಟ್ಟಿಸಿಕೊಂಡರು. ಅದನ್ನು ನೋಡಿಹೋದ ಓಲ್ಮ್‌ಸ್ಟೆಡ್ ಎಂಬವರು ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ರೂಪಿಸಿದವರಲ್ಲಿ ಒಬ್ಬರಾದರು. ನಮ್ಮಲ್ಲಿ ಲಾಲ್‌ಬಾಗನ್ನು ಹೈದರಾಲಿ ಶುರುಮಾಡಿದ. ಅವನು ಯಾರಿಗೂ ಅರ್ಜಿ ಹಾಕಬೇಕಿರಲಿಲ್ಲ. ರಾಜರ ತೋಟಕ್ಕೂ ಬಡಾವಣೆಯ ಪಾರ್ಕಿಗೂ ಇರುವ ವ್ಯತ್ಯಾಸ ಇದೇ. ಅದು ಕೊಟ್ಟದ್ದು, ಇದು ಕೊಂಡದ್ದು.

ಎರಡನೆಯ ಅರ್ಜಿಯಲ್ಲಿ ಜನ್ಮಜನ್ಮಾಂತರ ಇರಲಿಲ್ಲ. ‘ಅನುಮೋದಿತ ನಕ್ಷೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಉದ್ಯಾನವಾಗಿ ಅಭಿವೃದ್ಧಿಪಡಿಸಬೇಕು’ ಎಂದು ಒಂದೇ ವಾಕ್ಯ. ಕೆಳಗೆ ನಲವತ್ತೆರಡು ಸಹಿ. ಜೊತೆಗೆ ನಕ್ಷೆಯ ಪ್ರತಿ. ಅಜ್ಜಿ ಸಹಿ ಕಲಿತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು. ‘ಇದು ಸಾಲದ ಕಾಗದ ಅಲ್ಲ ಹೌದಿಲ್ಲೋ?’ ಎಂದು ಎರಡು ಸಲ ಕೇಳಿಕೊಂಡರು.

ಅರ್ಜಿ ಹಿಡಿದು ಒಂದು ಕಚೇರಿಗೆ ಹೋದೆವು. ಬಡಾವಣೆ ಇನ್ನೂ ನಮಗೆ ಹಸ್ತಾಂತರವಾಗಿಲ್ಲ, ಇನ್ನೊಂದು ಕಚೇರಿಗೆ ಹೋಗಿ ಎಂದರು. ಆ ಕಚೇರಿಯಲ್ಲಿ, ನಾವು ಹಸ್ತಾಂತರ ಮಾಡಿ ಎಷ್ಟೋ ಕಾಲವಾಯಿತು, ಹೋದಲ್ಲಿಗೇ ಹೋಗಿ ಎಂದರು. ಹೆಣ್ಣು ಕೊಟ್ಟವರು ಕಳಿಸಿದ್ದೇವೆ ಎನ್ನುತ್ತಾರೆ, ತಂದುಕೊಂಡವರು ಬಂದಿಲ್ಲ ಎನ್ನುತ್ತಾರೆ. ಪಾರ್ಕು ಪಾಪ ದಾರಿಯಲ್ಲೇ ನಿಂತಿತ್ತು. ಜಿಲ್ಲಾಧಿಕಾರಿಗಳ ಹತ್ತಿರ ಹೇಳಿಕೊಳ್ಳೋಣವೆಂದರೆ ಆಗ ನಮ್ಮದು ಚಿತ್ರದುರ್ಗ ಜಿಲ್ಲೆ; ಬಸ್ಸು ಹತ್ತಬೇಕು, ಮಕ್ಕಳು ಶಾಲೆಯಿಂದ ಬರುವುದರೊಳಗೆ ಮನೆ ಸೇರಬೇಕು. 1997ರ ಆಗಸ್ಟ್ 15ರಂದು ದಾವಣಗೆರೆಯೇ ಜಿಲ್ಲೆಯಾಯಿತು. ಊರೆಲ್ಲ ಪಟಾಕಿ ಹೊಡೆಯಿತು. ನನಗಂತೂ ಆದ ಸಂತೋಷ ಇಷ್ಟು: ಇನ್ನು ಅಡುಗೆ ಮುಗಿಸಿ ಹೋಗಿ, ಹಾಲು ಕಾಯಿಸುವ ಹೊತ್ತಿಗೆ ಬರಬಹುದು.

ಆ ಓಡಾಟದಲ್ಲಿ ಕಲಿತದ್ದನ್ನು ಹೇಳಿಬಿಡುತ್ತೇನೆ, ನಿಮಗೂ ಬೇಕಾದೀತು. ಅರ್ಜಿಯನ್ನು ಸಾಹೇಬರ ಕೈಗೆ ಕೊಟ್ಟು ಬಂದರೆ ಅದು ಸಾಹೇಬರ ಜೊತೆಯೇ ವರ್ಗವಾಗಿ ಹೋಗುತ್ತದೆ. ಟಪಾಲು ವಿಭಾಗದಲ್ಲಿ ಕೊಟ್ಟು ಇನ್‌ವರ್ಡ್ ನಂಬರು ಬರೆಸಿಕೊಳ್ಳಬೇಕು. ನಂಬರು ಬಿದ್ದ ಕಾಗದ ಸಾಯುವುದಿಲ್ಲ, ನಿದ್ದೆ ಮಾಡುತ್ತದೆ. ಎಬ್ಬಿಸಬಹುದು. ಆಮೇಲೆ ಜೂನಿಯರ್ ಇಂಜಿನಿಯರು ಬಂದು ಅಳತೆ ಮಾಡಿ ಅಂದಾಜು ಪಟ್ಟಿ ಮಾಡಬೇಕು. ಆ ಪಟ್ಟಿಗೆ ತಾಂತ್ರಿಕ ಮಂಜೂರಾತಿ ಬೇರೆ, ಆಡಳಿತಾತ್ಮಕ ಮಂಜೂರಾತಿ ಬೇರೆ. ಕೆಲಸವು ಆ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿರಬೇಕು. ಆಮೇಲೆ ಟೆಂಡರು. ಇಷ್ಟೆಲ್ಲ ಮಾರ್ಚಿಯೊಳಗೆ ಆಗದಿದ್ದರೆ ಮತ್ತೆ ಏಪ್ರಿಲ್‌ನಿಂದ ಶ್ರೀಗಣೇಶಾಯ ನಮಃ. ನಮ್ಮ ಕಡತಕ್ಕೆ ಎರಡು ಮಾರ್ಚಿ ಹಾಗೆ ಕಳೆದವು. ‘ಮತ್ತ ಬಂದ್ರಾ ಅಮ್ಮಾರೆ? ಪಾರ್ಕಿನವ್ರು ಬಂದಾರ ನೋಡ್ರಿ’ ಎಂದು ಗುಮಾಸ್ತರೊಬ್ಬರು ಒಳಗೆ ಕೂಗಿ ಹೇಳುತ್ತಿದ್ದರು. ಪಾರ್ಕಿನವರು ಎಂಬ ಹೆಸರೇ ಬಿತ್ತು.

ನಮಗೆ ಒದಗಿಬಂದದ್ದು ದಿಲ್ಲಿಯಲ್ಲಿ ಆದ ಒಂದು ತಿದ್ದುಪಡಿ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಊರಾಡಳಿತಕ್ಕೆ ಸೇರಬಹುದಾದ 18 ವಿಷಯಗಳ ಪಟ್ಟಿಯಲ್ಲಿ ಪಾರ್ಕು, ತೋಟ, ಆಟದ ಬಯಲುಗಳೂ ಇವೆ. ಸದಸ್ಯ ಸ್ಥಾನಗಳಲ್ಲಿ ಮೂರನೆಯ ಒಂದು ಭಾಗ ಹೆಂಗಸರಿಗೆ ಮೀಸಲು. ಆ ಮೀಸಲಾತಿಯಲ್ಲಿ ಆರಿಸಿ ಬಂದ ಸದಸ್ಯೆಯೊಬ್ಬರು ನಮ್ಮ ಕಡೆಯವರು. ಅವರನ್ನು ನೋಡಲು ಹೋದಾಗ ಮೊದಲ ಎರಡು ಸಲ ಅವರ ಯಜಮಾನರೇ ಕುರ್ಚಿಯಲ್ಲಿ ಕೂತು ‘ಏನ್ ಸಮಾಚಾರ?’ ಎಂದರು. ಸದಸ್ಯೆ ಕಾಫಿ ತಂದುಕೊಟ್ಟು ಬಾಗಿಲ ಹತ್ತಿರ ನಿಂತರು. ಮೂರನೆಯ ಸಲ ಟೀಚರಕ್ಕ ಒಂದು ಉಪಾಯ ಮಾಡಿದರು. ಯಜಮಾನರು ಅಂಗಡಿಗೆ ಹೋಗಿರುವ ಹೊತ್ತು ನೋಡಿ, ಅರಿಶಿನ-ಕುಂಕುಮದ ನೆಪದಲ್ಲಿ ಸದಸ್ಯೆಯನ್ನು ನಮ್ಮ ಮನೆಗೆ ಕರೆದು, ರಸ್ತೆ ದಾಟಿಸಿ, ಕಾಂಗ್ರೆಸ್ ಗಿಡದ ಮುಂದೆ ನಿಲ್ಲಿಸಿದರು. ಆ ಹೆಣ್ಣುಮಗಳು ಸುತ್ತ ನೋಡಿ ಕೇಳಿದ್ದು ಒಂದೇ ಮಾತು: ‘ಇಲ್ಲಿ ಹೆಣ್ಮಕ್ಕಳು ಕುಂದರಾಕ ಮರಿ ಐತೇನ್ರಿ?’ ನಲವತ್ತೆರಡು ಸಹಿ ಹಾಕಿದ ನಮ್ಮಲ್ಲಿ ಯಾರಿಗೂ ಮರೆಯ ಮಾತು ಹೊಳೆದಿರಲಿಲ್ಲ. ಬೇಲಿಯ ಒಳಗೆ ಗಿಡದ ಸಾಲು ಬೇಕು ಎಂಬುದು ಅಂದಾಜು ಪಟ್ಟಿಗೆ ಸೇರಿದ್ದು ಅವರಿಂದ. ಮುಂದಿನ ಸಭೆಯಲ್ಲಿ ಅವರು ಯಜಮಾನರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾವೇ ಎದ್ದು ನಿಂತು ನಮ್ಮ ಕಡತದ ನಂಬರು ಹೇಳಿ ಕೇಳಿದರಂತೆ.

ಇನ್ನೇನು ಕೆಲಸವಾಯಿತು ಎನ್ನುವಾಗ ನಿಜವಾದ ತಂಟೆ ಬಂತು. ಅದು ಕಚೇರಿಯಿಂದ ಬಂದದ್ದಲ್ಲ, ನಮ್ಮ ಓಣಿಯಿಂದಲೇ ಬಂತು. ಕೆಲವು ಹಿರಿಯರು, ಅಷ್ಟು ಜಾಗ ಗಿಡಕ್ಕೆ ಯಾಕೆ, ಸಮುದಾಯ ಭವನ ಕಟ್ಟಿದರೆ ಮದುವೆ-ಮುಂಜಿಗೆ ಆಗುತ್ತದೆ, ಬಾಡಿಗೆಯೂ ಬರುತ್ತದೆ ಎಂದರು. ಮಾತು ತಪ್ಪೆನ್ನುವಂತಿರಲಿಲ್ಲ. ಛತ್ರಗಳ ಬಾಡಿಗೆ ಏರಿದ ಕಾಲ. ಹೆಣ್ಣುಮಕ್ಕಳ ತಂದೆಯರಿಗೆ ಆ ಚಿಂತೆ ಇದ್ದೇ ಇತ್ತು. ಆ ಗುಂಪಿನ ಮುಂದಾಳು ಟೀಚರಕ್ಕನ ಯಜಮಾನರು.

ಅಲ್ಲಿಗೆ ಟೀಚರಕ್ಕ ನಮ್ಮ ಮನೆಗೆ ಬರುವುದು ನಿಂತಿತು. ನಕ್ಷೆ ತಂದವರು ಅವರು, ಮೊದಲ ಸಹಿ ಅವರದು, ಉಪಾಯ ಅವರದು. ಒಂದು ಸಂಜೆ ಹಿತ್ತಲ ಗೋಡೆಯ ಆಚೆಯಿಂದ, ‘ನನ್ನ ಸಹಿ ಹೊಡೆದುಹಾಕ್ರಿ. ನನಗ ಮನ್ಯಾಗ ಇರಬೇಕಲ್ರಿ’ ಎಂದರು. ನಾನು ಸಹಿ ಹೊಡೆದುಹಾಕಲಿಲ್ಲ. ಅರ್ಜಿ ಆಗಲೇ ನಂಬರು ಬಿದ್ದು ಕಡತ ಸೇರಿತ್ತು. ಆದರೆ ನಾಲ್ಕು ವರ್ಷ ದಿನಕ್ಕೆರಡು ಸಲ ಮಾತಾಡಿದವರು ಆಮೇಲೆ ತರಕಾರಿ ಗಾಡಿಯ ಹತ್ತಿರ ಸಿಕ್ಕರೂ ಬದನೆಕಾಯಿ ನೋಡುತ್ತ ನಿಲ್ಲುತ್ತಿದ್ದೆವು. ಪಾರ್ಕು ಕಟ್ಟಲು ಇಷ್ಟು ತೆರಬೇಕೇ ಎಂದು ನನಗೆ ರಾತ್ರಿ ನಿದ್ದೆ ಬರದ ದಿನಗಳಿದ್ದವು.

ಪರಿಚಯದ ವಕೀಲರೊಬ್ಬರು ಆಗ ಸುಪ್ರೀಂ ಕೋರ್ಟಿನ ಒಂದು ತೀರ್ಪಿನ ಪ್ರತಿ ಕೊಟ್ಟರು. ನಮ್ಮದೇ ರಾಜ್ಯದ ಮೊಕದ್ದಮೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಟ್ರಸ್ಟೊಂದರ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಮೊದಲು ಸೋತು, ಮೇಲಿನ ಪೀಠದಲ್ಲಿ ಗೆದ್ದರು. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಗೆಲುವನ್ನು ಎತ್ತಿಹಿಡಿಯಿತು. ಪಾರ್ಕಿನ ಜಾಗ ಪಾರ್ಕಿಗೇ. ಅದನ್ನು ಬೇರೆಯವರಿಗೆ ಕೊಟ್ಟರೆ ಕೇಳುವ ಹಕ್ಕು ಸುತ್ತಲಿನ ಸಾಮಾನ್ಯ ನಿವಾಸಿಗೂ ಇದೆ ಎಂಬುದು ಅದರ ಸಾರ. ಇದಲ್ಲದೆ ಪಾರ್ಕು, ಆಟದ ಬಯಲುಗಳನ್ನು ಕಾಪಾಡಲು 1985ರ ಒಂದು ರಾಜ್ಯ ಕಾಯ್ದೆಯೂ ಇದೆ ಎಂದು ವಕೀಲರು ಹೇಳಿದರು. ಆಸ್ಪತ್ರೆ ಕೂಡ ಒಳ್ಳೆಯ ಕೆಲಸವೇ ತಾನೆ? ಆದರೂ ಪಾರ್ಕಿನ ಜಾಗದಲ್ಲಿ ಆಗಕೂಡದು ಎಂದ ಮೇಲೆ ಸಮುದಾಯ ಭವನದ ಮಾತೇನು!

ತೀರ್ಪು ಕೈಯಲ್ಲಿದ್ದರೆ ಜಗಳ ಗೆಲ್ಲಬಹುದು. ಆದರೆ ಓಣಿಯಲ್ಲಿ ಗೆದ್ದ ಜಗಳ ಸೋತದ್ದಕ್ಕಿಂತ ಕಷ್ಟ. ದಿನಾ ಅದೇ ಮುಖಗಳನ್ನು ನೋಡಬೇಕು. ಇನ್ನೊಮ್ಮೆ ನಕ್ಷೆ ಬಿಡಿಸಿ ಕೂತೆ. ಮೂರನೆಯ ಅಡ್ಡರಸ್ತೆಯ ಕೊನೆಯಲ್ಲಿ ಬೇರೆ ಬಣ್ಣದ ಇನ್ನೊಂದು ಚೌಕ ಕಂಡಿತು, ನಾಗರಿಕ ಸೌಲಭ್ಯದ ಜಾಗ. ಆ ನೂರಕ್ಕೆ 10 ಭಾಗ ಇಲ್ಲಿತ್ತು! ಸಮುದಾಯ ಭವನದಂಥದ್ದಕ್ಕೆಂದೇ ಬಿಟ್ಟದ್ದು. ನಕ್ಷೆಯನ್ನೂ ತೀರ್ಪನ್ನೂ ತೆಗೆದುಕೊಂಡು ನಾನೇ ಟೀಚರಕ್ಕನ ಮನೆಗೆ ಹೋದೆ. ಅವರ ಯಜಮಾನರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತೀರ್ಪನ್ನು ಬದಿಗಿಟ್ಟು ನಕ್ಷೆಯನ್ನೇ ನೋಡಿದರು. ‘ಇದನ್ನ ಮೊದಲ ತೋರಿಸಬೇಕಿತ್ತು ನೋಡ್ರಿ’ ಎಂದು ಹೆಂಡತಿಯ ಕಡೆ ತಿರುಗಿದರು. ಅವರ ಮನೆಯ ಬೀರುವಿನಲ್ಲೇ ಮೂರು ವರ್ಷ ಇದ್ದ ಕಾಗದ ಅದು! ಟೀಚರಕ್ಕ ಏನೂ ಅನ್ನಲಿಲ್ಲ. ಒಳಗೆ ಹೋಗಿ ಅವಲಕ್ಕಿ ಕಲಸಿ ತಂದರು.

ದುಡ್ಡು ಬಂದದ್ದು ಎರಡು ಕಡೆಯಿಂದ. ಒಂದು ಪಾಲು ಸ್ಥಳೀಯ ಆಡಳಿತದಿಂದ. ಇನ್ನೊಂದು ಜನಪ್ರತಿನಿಧಿಯೊಬ್ಬರ ನಿಧಿಯಿಂದ. ಸಂಸತ್ ಸದಸ್ಯರ ಪ್ರದೇಶಾಭಿವೃದ್ಧಿ ನಿಧಿ ಶುರುವಾದದ್ದು 1993ರ ಡಿಸೆಂಬರಿನಲ್ಲಿ. 1994-95ರಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 1 ಕೋಟಿ ರೂಪಾಯಿಯಿತ್ತು, 1998-99ರಿಂದ 2 ಕೋಟಿ, 2011-12ರಿಂದ 5 ಕೋಟಿಯಾಯಿತು. ಶಾಸಕರಿಗೂ ಅಂಥದೇ ನಿಧಿ ಇದೆ. ಸಂಸದರು ಶಿಫಾರಸು ಮಾತ್ರ ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿಗಳು. ಜಾಗ ಸಾರ್ವಜನಿಕರದ್ದಾಗಿರಬೇಕು. ಇನ್ನೂ ಒಂದು ಮಾತು ಆ ನಿಯಮದೊಳಗಿದೆ: ಕಟ್ಟಿದ್ದನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಬರೆದುಕೊಡಬೇಕು. ನಿರ್ವಹಣೆಗೆ ಆ ನಿಧಿಯಿಂದ ದುಡ್ಡಿಲ್ಲ.

ಅದರ ಅರ್ಥ ನನಗೆ ಹರಿಹರದಲ್ಲಿ ತಿಳಿಯಿತು. ತಂಗಿಯನ್ನು ಕೊಟ್ಟದ್ದು ಅಲ್ಲಿಯೇ, ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರಿಗೆ. ಅವರ ಕಾಲೋನಿಯಲ್ಲಿ ಒಂದು ತೋಟವಿತ್ತು. ಹುಲ್ಲುಹಾಸು, ಉಯ್ಯಾಲೆ, ಕ್ರೋಟನ್ ಸಾಲು. ಮಾಲಿಗೆ ಸಂಬಳ ಕಂಪನಿಯದು, ನೀರು ಕಂಪನಿಯದು. ಕಾರ್ಖಾನೆ ಬಾಗಿಲು ಹಾಕಿತು. ಮೊದಲು ಮಾಲಿ ಹೋದ, ಆಮೇಲೆ ನೀರು, ಒಂದೇ ಬೇಸಿಗೆಗೆ ಹುಲ್ಲು. ಉಯ್ಯಾಲೆಯ ಸರಪಳಿಯನ್ನು ಯಾರೋ ಗುಜರಿಗೆ ಮಾರಿದರು. ‘ಅಕ್ಕಾ, ನಮಗೆ ಅದು ನಮ್ದು ಅಂತ ಅನ್ನಿಸಿರಲೇ ಇಲ್ಲ. ಒಂದು ದಿನಾನೂ ಒಂದು ಕೊಡ ನೀರು ಹಾಕಿರಲಿಲ್ಲ ನೋಡು’ ಎಂದಳು ತಂಗಿ. ಕೆಲಸ ಹೋದ ಮನೆಯಲ್ಲಿ ಕೂತು ಹುಲ್ಲಿನ ಮಾತಾಡುವುದು ಸರಿಯಲ್ಲವೆಂದು ನಾನು ಸುಮ್ಮನಾದೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು.

ಹಾಗಾಗಿ ನಾವು ಸಂಘವೊಂದನ್ನು ನೋಂದಾಯಿಸಿದೆವು. 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು. ಮೂವತ್ತು ಮನೆ, ಮನೆಗೆ ತಿಂಗಳಿಗೆ 10 ರೂಪಾಯಿ. ಬೇಲಿ, ಗೇಟು, ಬೋರ್‌ವೆಲ್ಲು, ನಡೆಯುವ ದಾರಿ ಅನುದಾನದಲ್ಲಿ ಆದವು. ಹೊಂಗೆ, ಬೇವು, ನೇರಳೆ ಸಸಿಗಳು ಅರಣ್ಯ ಇಲಾಖೆಯ ನರ್ಸರಿಯಿಂದ ಬಂದವು. ಉಳಿದದ್ದು ಬೆಂಚು.

ದಾವಣಗೆರೆಯ ಸಾಹುಕಾರರ ಕೈ ದೊಡ್ಡದು. ರಾಜನಹಳ್ಳಿಯವರ ಛತ್ರ, ಚಿಗಟೇರಿಯವರ ಹೆಸರಿನ ಆಸ್ಪತ್ರೆ, ದಾನಿಗಳ ಹೆಸರಿಲ್ಲದ ಬೀದಿ ಈ ಊರಲ್ಲಿ ಕಡಿಮೆ. ವರ್ತಕರೊಬ್ಬರು ಇಡೀ ಪಾರ್ಕಿನ ಉಳಿದ ಖರ್ಚು ತಾವೇ ಕೊಡುವುದಾಗಿಯೂ ತಮ್ಮ ತಂದೆಯ ಹೆಸರಿಡಬೇಕೆಂದೂ ಹೇಳಿ ಕಳಿಸಿದರು. ಆ ದಿನದ ಸಭೆಯಲ್ಲಿ ಬಹಳ ಮಾತಾಯಿತು. ಕೊನೆಗೆ ಅಜ್ಜಿಯೇ ತೀರ್ಮಾನ ಕೊಟ್ಟರು: ‘ಕುಂದರಾಕ ಬೆಂಚು ಕೊಡ್ಲಿ, ಬೆಂಚಿಗೆ ಹೆಸರು ಬರ್ಕೊಳ್ಳಲಿ. ಪಾರ್ಕಿಗೆ ನಾನೂ ಹೆಬ್ಬೆಟ್ಟು ಒತ್ತೀನಲ್ಲ!’ ವರ್ತಕರು ದೊಡ್ಡ ಮನಸ್ಸಿನವರು. ನಕ್ಕು ನಾಲ್ಕು ಬೆಂಚು ಕೊಟ್ಟರು.

ಮೊದಲ ಬೇಸಿಗೆಯಲ್ಲಿ ಬೋರ್‌ವೆಲ್ಲಿನ ನೀರು ಕೆಳಗಿಳಿಯಿತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ನಲ್ಲಿ ಬಂದ ದಿನ ಒಂದು ಕೊಡ ಹೆಚ್ಚಿಗೆ, ಹೀಗೆ ಸರದಿಯ ಮೇಲೆ ಹೊತ್ತು ಹಾಕಿದೆವು. ಹೊಂಗೆ, ಬೇವು ಉಳಿದವು, ನೇರಳೆಯಲ್ಲಿ ಎರಡು ಹೋದವು. ಅಜ್ಜಿ ಆ ಬೆಂಚಿನ ಮೇಲೆ ಆರು ವರ್ಷ ಕೂತರು. ಅವರು ಹೋದ ಮೇಲೆ ಅದೇ ಹೊತ್ತಿಗೆ ಅವರ ಸೊಸೆ ಬಂದು ಕೂರುತ್ತಾಳೆ. ಈಗ ಅವಳಿಗೂ ಸೊಸೆ ಬಂದಿದ್ದಾಳೆ, ಮನೆ ಅಷ್ಟೇ ಇದೆ.

ಆಮೇಲೆ ಕಾಲ ಬದಲಾಯಿತು. 2007ರಲ್ಲಿ ದಾವಣಗೆರೆ ಮಹಾನಗರ ಪಾಲಿಕೆಯಾಯಿತು. 2015ರಲ್ಲಿ ಶುರುವಾದ ಅಮೃತ್ ಯೋಜನೆಯಲ್ಲಿ ದಾವಣಗೆರೆಯೂ ಸೇರಿತು. ಅದರಲ್ಲಿ ಪಾರ್ಕುಗಳಿಗೆಂದೇ ನೂರಕ್ಕೆ ಎರಡೂವರೆ ಭಾಗದವರೆಗೆ ಹಣವಿಡಬಹುದಿತ್ತು; ನೋಡಿಕೊಳ್ಳುವುದರಲ್ಲಿ ಸುತ್ತಲಿನ ಜನರೂ ಸೇರಬೇಕೆಂದು ಬರೆದಿತ್ತು. ಅದನ್ನು ಓದಿದಾಗ ನಮ್ಮ ಅಕ್ಕಿ ತೊಳೆದ ನೀರು ದಿಲ್ಲಿಯವರೆಗೆ ಹರಿಯಿತೇ ಎಂದು ನಗು ಬಂತು. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲೂ ನಮ್ಮೂರಿನ ಹೆಸರು ಬಂತು. ಹದಿನಾಲ್ಕು ಕಿಲೋಮೀಟರು ಆಚೆಯ ಹರಿಹರಕ್ಕೆ ಈ ಭಾಗ್ಯವಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಒಂದು ಲಕ್ಷ ಮುಟ್ಟಿರಲಿಲ್ಲ. ದೊಡ್ಡ ಯೋಜನೆಗಳು ತಲೆ ಎಣಿಸಿ ಬರುತ್ತವೆ.

ಹಾಗೆಂದು ತಂಗಿ ಕೈಕಟ್ಟಿ ಕೂತಿಲ್ಲ. ಕಾಲೋನಿ ಬಿಟ್ಟು ಬೇರೆ ಬಡಾವಣೆಯಲ್ಲಿ ಮನೆ ಮಾಡಿಕೊಂಡ ಮೇಲೆ, ಓಣಿಯ ಹೆಂಗಸರೆಲ್ಲ ಸೇರಿ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿ ಕಟ್ಟಿ ನಕ್ಷೆ ಕೇಳಿದರು. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮ. ನಾವು ಮೂರು ವರ್ಷ ಅಲೆದು ಕಲಿತದ್ದು ಅವರಿಗೆ ಒಂದು ತಿಂಗಳಲ್ಲಿ ಸಿಕ್ಕಿತು. ಅವರ ನಕ್ಷೆಯಲ್ಲೂ ಹಸಿರು ಚೌಕವಿದೆ. ಅದರ ಮೇಲೆ ಈಗ ಜಲ್ಲಿಕಲ್ಲಿನ ರಾಶಿ ಇದೆಯಂತೆ. ಅರ್ಜಿ ಬರೆಯುವ ಮೊದಲು ತಂಗಿ ಫೋನು ಮಾಡಿದಳು. ನಾನು ಹೇಳಿದ್ದು ಮೂರೇ ಮಾತು: ನಕ್ಷೆ ಲಗತ್ತಿಸು, ಬೇಲಿಗಿಂತ ಮೊದಲು ನೀರಿನ ಲೆಕ್ಕ ಹಾಕು, ದಯವಿಟ್ಟು ಎಂಬ ಪದ ಒಂದೇ ಸಲ ಇರಲಿ.

ನಿಮ್ಮ ಬಡಾವಣೆಯ ನಕ್ಷೆಯನ್ನು ನೀವು ನೋಡಿದ್ದೀರಾ? ಬೀರುವಿನಲ್ಲಿ ಖಾತೆ ಪತ್ರದ ಕೆಳಗೆ ಇದ್ದರೂ ಇರಬಹುದು. ಬಿಡಿಸಿ, ನಾಲ್ಕು ಲೋಟ ಇಟ್ಟು ನೋಡಿ.

ನಮ್ಮ ಪಾರ್ಕಿನ ಬೋರ್‌ವೆಲ್ಲಿನ ಮೋಟಾರು ಕಳೆದ ತಿಂಗಳು ಸುಟ್ಟಿತು. ಸಂಘದ ಪೆಟ್ಟಿಗೆಯಲ್ಲಿದ್ದ ದುಡ್ಡು ಅರ್ಧಕ್ಕೆ ಸಾಕು. ಉಳಿದರ್ಧಕ್ಕೆ ಅರ್ಜಿ ಬರೆಯಬೇಕು. ನನಗೆ ಈಗ ಕೈ ನಡುಗುತ್ತದೆ, ಟೀಚರಕ್ಕನಿಗೆ ಕಣ್ಣು ಮಂಜು. ಬರೆಯುತ್ತಿರುವವಳು ಟೀಚರಕ್ಕನ ಸೊಸೆ. ಹೇಳಿಕೊಡುತ್ತಿರುವವರು, ಇಬ್ಬರೂ ಒಟ್ಟಿಗೆ, ನಾವು.